ಒಂದೇ ವಠಾರದ ಹದಿನಾರು ಮನೆಗಳು: ಬ್ಲೇಡ್ ಸರ್ವರ್ ಬಗ್ಗೆ ಒಂದಿಷ್ಟು ಮಾತು

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಮಾತಿನ ಬರಹ ರೂಪ. ಅಂದು ಕೇಳಲಾಗದವರಿಗಾಗಿ ಮತ್ತು ಇನ್ನೊಮ್ಮೆ ಬೇಕೆಂದವರಿಗಾಗಿ ಪೂರ್ತಿಯಾಗಿ ಕೊಟ್ಟಿದ್ದೇವೆ.)

ನನ್ನ ಕೆಲಸ ಏನೆಂದು ಊರಲ್ಲಿ ಯಾರಾದರೂ ಕೇಳಿದರೆ ನಮ್ಮಮ್ಮ ಹೇಳುವುದು ಒಂದೇ ಮಾತು: "ಮುಂಬಯಿಯಲ್ಲಿ ಕಂಪ್ಯೂಟರ್ ಕಾಯ್ತಾನೆ." ಮೊದಮೊದಲು ನನಗೆ ಬೇಸರವಾಗುತ್ತಿತ್ತು. ಅಷ್ಟು ಓದಿಸಿದ್ದು ಇದಕ್ಕಾ ಎಂದು ಕೇಳಿದವರು ಅಂದುಕೊಳ್ಳುತ್ತಾರಲ್ಲ! ಈಗ ಯೋಚಿಸಿದರೆ ಅಮ್ಮ ಹೇಳಿದ್ದೇ ಸರಿ ಅನ್ನಿಸುತ್ತದೆ. ನವಿ ಮುಂಬಯಿಯ ಐರೋಲಿ, ಮಹಾಪೆ ಕಡೆಯ ಡೇಟಾ ಸೆಂಟರ್‌ಗಳಲ್ಲಿ ಎಷ್ಟೋ ವರ್ಷ ರಾತ್ರಿ ಪಾಳಿ ಮಾಡಿದವನು ನಾನು. ನೀವು ಎಟಿಎಂ ಮುಂದೆ ನಿಂತಾಗ, ಊರಿಗೆ ಹೋಗಲು ರೈಲು ಟಿಕೆಟ್ ತೆಗೆಸುವಾಗ, ಆಸ್ಪತ್ರೆಯ ಕೌಂಟರಿನಲ್ಲಿ ಹೆಸರು ಬರೆಸುವಾಗ ಎಲ್ಲೋ ಒಂದು ತಣ್ಣನೆಯ ಕೋಣೆಯಲ್ಲಿ ಒಂದು ಯಂತ್ರ ಉತ್ತರ ಕೊಡುತ್ತಿರುತ್ತದೆ. ಆ ಯಂತ್ರಕ್ಕೆ ಏನೂ ಆಗದಂತೆ ಕಾಯುವುದೇ ನಮ್ಮ ಕೆಲಸ.

ಇವತ್ತು ಹೇಳಹೊರಟಿರುವುದು ಅಂಥ ಯಂತ್ರಗಳಲ್ಲಿ ಒಂದಾದ ಬ್ಲೇಡ್ ಸರ್ವರ್ ಬಗ್ಗೆ. ಹೆಸರು ಕೇಳಿ ಗಡ್ಡದ ಬ್ಲೇಡು ನೆನಪಾದರೆ ತಪ್ಪೇನಿಲ್ಲ. ತೆಳ್ಳಗೆ ಹಲಗೆಯಂತೆ ಇರುವುದರಿಂದಲೇ ಅದಕ್ಕೆ ಆ ಹೆಸರು. ಇದನ್ನೆಲ್ಲ ನಮಗೇಕೆ ಹೇಳುತ್ತೀರಿ ಎಂದು ಕೇಳಬಹುದು. ನಮ್ಮ ಕೇಳುಗರಲ್ಲಿ ಸಹಕಾರಿ ಬ್ಯಾಂಕು, ಶಾಲೆ, ಕಾಲೇಜು, ಆಸ್ಪತ್ರೆಗಳ ಆಡಳಿತ ಮಂಡಳಿಯಲ್ಲಿ ಕೂರುವವರು ಇದ್ದೀರಿ. ಕೊಟೇಶನ್ ಹಿಡಿದು ಬಂದವರ ಮುಂದೆ ನಾಲ್ಕು ಪ್ರಶ್ನೆ ಕೇಳುವ ಧೈರ್ಯ ನಿಮಗೆ ಬರಲಿ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ನನ್ನದೇ ಒಂದು ತಪ್ಪಿನ ಕಥೆ. ಅದನ್ನು ಸ್ವಲ್ಪ ಹೊತ್ತಿನ ಮೇಲೆ ಹೇಳುತ್ತೇನೆ.

ಮೊದಲು ಸಾಮಾನ್ಯ ಸರ್ವರ್ ಏನೆಂದು ನೋಡೋಣ. ಬೇರೆ ಕಂಪ್ಯೂಟರ್‌ಗಳು ಕೇಳಿದ್ದನ್ನು ಒದಗಿಸುವ ಕಂಪ್ಯೂಟರೇ ಸರ್ವರ್. ಡೇಟಾ ಸೆಂಟರಿನಲ್ಲಿ ಇವನ್ನು ಮೇಜಿನ ಮೇಲೆ ಇಡುವುದಿಲ್ಲ. 19 ಇಂಚು ಅಳತೆಯ ಕಬ್ಬಿಣದ ಕಪಾಟಿನಲ್ಲಿ ಒಂದರ ಮೇಲೊಂದು ಜೋಡಿಸುತ್ತಾರೆ. ಆ ಕಪಾಟಿಗೆ ರ‍್ಯಾಕ್ ಎಂದು ಹೆಸರು. ಎತ್ತರವನ್ನು 'ಯು' ಎಂಬ ಅಳತೆಯಲ್ಲಿ ಹೇಳುತ್ತಾರೆ. 1 ಯು ಎಂದರೆ 1.75 ಇಂಚು. ಸಾಮಾನ್ಯವಾಗಿ ಒಂದು ರ‍್ಯಾಕ್ 42 ಯು ಎತ್ತರ ಇರುತ್ತದೆ. ಪಿಜ್ಜಾ ಡಬ್ಬಿಯಂತೆ ಚಪ್ಪಟೆಯಾಗಿರುವ 1 ಯು ಸರ್ವರ್‌ಗಳಾದರೆ ಒಂದು ರ‍್ಯಾಕಿನಲ್ಲಿ 40ರಷ್ಟು ಹಿಡಿಯುತ್ತವೆ.

ಈಗ ಅದರ ಹಿಂಬದಿಗೆ ಬನ್ನಿ. ಒಂದೊಂದು ಸರ್ವರ್‌ಗೂ ಕರೆಂಟಿನ ವೈರು ಎರಡು, ನೆಟ್‌ವರ್ಕಿನದು ಎರಡು, ಡಿಸ್ಕ್ ಸಂಗ್ರಹದ ಕಡೆ ಹೋಗುವುದು ಎರಡು, ಮೇಲ್ವಿಚಾರಣೆಗೆ ಒಂದು ಎಂದು ಲೆಕ್ಕ ಹಾಕಿದರೆ ಏಳು ವೈರು. 40 ಸರ್ವರ್‌ಗೆ 280 ವೈರು! ಶಾವಿಗೆ ಒರಳಿನ ಕೆಳಗೆ ತಟ್ಟೆ ಇಟ್ಟ ಹಾಗೆ ಕಾಣುತ್ತದೆ. ಅದರಲ್ಲಿ ಒಂದು ವೈರು ಸಡಿಲಾದರೆ ಹುಡುಕುವವನ ಪಾಡು ಕೇಳಬೇಡಿ. ಸಾಲದ್ದಕ್ಕೆ ಪ್ರತಿ ಡಬ್ಬಿಯಲ್ಲೂ ಪುಟ್ಟ ಪುಟ್ಟ ಫ್ಯಾನುಗಳು, ಪ್ರತಿ ಡಬ್ಬಿಗೂ ಬೇರೆ ಬೇರೆ ಪವರ್ ಸಪ್ಲೈ.

ಈ ಕಷ್ಟಕ್ಕೆ ಹುಡುಕಿದ ಪರಿಹಾರವೇ ಬ್ಲೇಡ್. ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಬೆಂಗಳೂರು, ಮೈಸೂರಿನ ಹಳೆಯ ವಠಾರ ನೆನೆಸಿಕೊಂಡರೆ ಸಾಕು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಮಕ್ಕಳು ಚಾಳ್ ನೆನೆಸಿಕೊಳ್ಳಲಿ. ವಠಾರಕ್ಕೆ ಹೆಬ್ಬಾಗಿಲು ಒಂದು, ಬಾವಿ ಒಂದು, ಅಂಗಳ ಒಂದು. ಅಡುಗೆ ಮನೆ ಮಾತ್ರ ಅವರವರದು. ಬ್ಲೇಡ್ ವ್ಯವಸ್ಥೆಯೂ ಹೀಗೆಯೇ. ಪ್ರೊಸೆಸರ್, ಮೆಮೊರಿ, ಒಂದೆರಡು ಸಣ್ಣ ಡಿಸ್ಕ್ ಇಷ್ಟು ಮಾತ್ರ ಒಂದು ತೆಳ್ಳನೆಯ ಹಲಗೆಯ ಮೇಲೆ ಇರುತ್ತವೆ. ಅದೇ ಬ್ಲೇಡ್. ಕರೆಂಟು, ಗಾಳಿ, ನೆಟ್‌ವರ್ಕು, ಮೇಲ್ವಿಚಾರಣೆ ಇವೆಲ್ಲ ಸುತ್ತಲಿನ ದೊಡ್ಡ ಪೆಟ್ಟಿಗೆಯವು. ಆ ಪೆಟ್ಟಿಗೆಗೆ ಚಾಸಿ ಎನ್ನುತ್ತಾರೆ. ಲಾರಿಯವರು ಹೇಳುವ ಅದೇ ಚಾಸಿ. ಬಡುವಿನೊಳಗೆ ಪುಸ್ತಕ ತುರುಕಿದ ಹಾಗೆ ಬ್ಲೇಡನ್ನು ಚಾಸಿಯೊಳಗೆ ತಳ್ಳಿದರೆ ಕೆಲಸ ಮುಗಿಯಿತು.

ಇಂಥ ಯಂತ್ರವನ್ನು ಮೊದಲು ಮಾರುಕಟ್ಟೆಗೆ ತಂದದ್ದು ಅಮೆರಿಕದ ಟೆಕ್ಸಾಸಿನ ಆರ್‌ಎಲ್‌ಎಕ್ಸ್ ಟೆಕ್ನಾಲಜೀಸ್ ಎಂಬ ಕಂಪನಿ, 2001ರಲ್ಲಿ. ಕಡಿಮೆ ಕರೆಂಟು ಕುಡಿಯುವ ಟ್ರಾನ್ಸ್‌ಮೆಟಾ ಪ್ರೊಸೆಸರ್ ಬಳಸಿ 3 ಯು ಎತ್ತರದಲ್ಲಿ 24 ಬ್ಲೇಡ್ ಕೂರಿಸಿದ್ದರು. ಐಬಿಎಂ 2002ರಲ್ಲಿ ಬ್ಲೇಡ್‌ಸೆಂಟರ್ ಪ್ರಕಟಿಸಿತು. 7 ಯು ಎತ್ತರದಲ್ಲಿ 14 ಬ್ಲೇಡ್. ಎಚ್‌ಪಿ 2005ರಲ್ಲಿ ಆರ್‌ಎಲ್‌ಎಕ್ಸ್ ಕಂಪನಿಯನ್ನೇ ಕೊಂಡುಕೊಂಡಿತು, 2006ರಲ್ಲಿ ಸಿ7000 ಎಂಬ ಚಾಸಿ ತಂದಿತು. ಡೆಲ್‌ನ ಎಂ1000ಇ 2008ರಲ್ಲಿ ಬಂತು. ನೆಟ್‌ವರ್ಕಿಗೆ ಹೆಸರಾಗಿದ್ದ ಸಿಸ್ಕೋ ಕೂಡ 2009ರಲ್ಲಿ ಯುಸಿಎಸ್ ಹೆಸರಿನಲ್ಲಿ ಕಣಕ್ಕಿಳಿಯಿತು.

ಪುಣೆಯ ಕೇಳುಗರಿಗೆ ಒಂದು ಹೆಮ್ಮೆಯ ವಿಷಯ ಹೇಳಬೇಕು. 2007ರ ನವೆಂಬರ್‌ನಲ್ಲಿ ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರ್‌ಗಳ ಪಟ್ಟಿ ಬಂದಾಗ 4ನೇ ಸ್ಥಾನದಲ್ಲಿ ಪುಣೆಯ 'ಏಕ' ಇತ್ತು. ಟಾಟಾ ಬಳಗದ ಕಂಪ್ಯುಟೇಶನಲ್ ರಿಸರ್ಚ್ ಲ್ಯಾಬೊರೇಟರೀಸ್ ಕಟ್ಟಿದ ಯಂತ್ರ ಅದು. ಅದರ ವೇಗ 117.9 ಟೆರಾಫ್ಲಾಪ್, ಅಂದರೆ ಸೆಕೆಂಡಿಗೆ 117.9 ಲಕ್ಷ ಕೋಟಿ ಲೆಕ್ಕ. ಅದರೊಳಗೆ ಇದ್ದದ್ದು ಯಾವುದೋ ರಹಸ್ಯ ಯಂತ್ರವಲ್ಲ. ಕಂಪನಿಗಳು ಕೊಳ್ಳುತ್ತಿದ್ದ ಅದೇ ಎಚ್‌ಪಿ ಬಿಎಲ್460ಸಿ ಬ್ಲೇಡ್‌ಗಳು, ಸಾಲು ಸಾಲಾಗಿ.

ಈಗ ಉದಾಹರಣೆಗೆ ಆ ಸಿ7000 ಚಾಸಿಯನ್ನೇ ಬಿಚ್ಚಿ ನೋಡೋಣ. ಎತ್ತರ 10 ಯು, ಅಂದರೆ ಹದಿನೇಳೂವರೆ ಇಂಚು. ಮುಂದೆ ಅರ್ಧ ಎತ್ತರದ ಬ್ಲೇಡ್‌ಗಳು 16 ಹಿಡಿಯುತ್ತವೆ. ಮೇಲಿನ ಸಾಲಿನಲ್ಲಿ ಎಂಟು, ಕೆಳಗೆ ಎಂಟು. ಪೂರ್ತಿ ಎತ್ತರದವಾದರೆ 8. ಒಂದು ರ‍್ಯಾಕಿನಲ್ಲಿ ಇಂಥ ನಾಲ್ಕು ಚಾಸಿ ಕೂರುವುದರಿಂದ 40 ಯು ಜಾಗದಲ್ಲಿ 64 ಸರ್ವರ್. ಅದೇ ಜಾಗದಲ್ಲಿ ಪಿಜ್ಜಾ ಡಬ್ಬಿಗಳು 40 ಮಾತ್ರ.

ಹಿಂಬದಿಯಲ್ಲಿ 10 ದೊಡ್ಡ ಫ್ಯಾನು. ನೆಟ್‌ವರ್ಕ್ ಸ್ವಿಚ್‌ಗಳನ್ನು ಕೂರಿಸಲು 8 ಗೂಡು. ಮುಂಭಾಗದ ಕೆಳಗೆ 6 ಪವರ್ ಸಪ್ಲೈ. ಇವೆರಡರ ನಡುವೆ ಗೋಡೆಯ ಹಾಗೆ ನಿಂತಿರುವುದು ಮಿಡ್‌ಪ್ಲೇನ್ ಎಂಬ ಹಲಗೆ. ಮುಂದಿನಿಂದ ತಳ್ಳಿದ ಬ್ಲೇಡ್, ಹಿಂದಿನಿಂದ ತಳ್ಳಿದ ಸ್ವಿಚ್ ಇಲ್ಲಿ ಬಂದು ಸೇರುತ್ತವೆ. ಶಾವಿಗೆಯಂತಿದ್ದ ವೈರುಗಳ ಕೆಲಸವನ್ನೆಲ್ಲ ಇದರೊಳಗಿನ ತಾಮ್ರದ ಗೆರೆಗಳು ಮಾಡುತ್ತವೆ. ಮಿಡ್‌ಪ್ಲೇನ್ ಮಾತ್ರ ಒಂದೇ ಒಂದು ಇರುತ್ತದೆ. ಆದ್ದರಿಂದ ಅದರ ಮೇಲೆ ಕೆಲಸ ಮಾಡುವ ಚಿಪ್ ಯಾವುದನ್ನೂ ಇಡದೆ, ಕೆಡುವಂಥದ್ದು ಏನೂ ಇಲ್ಲದಂತೆ ಮಾಡಿರುತ್ತಾರೆ. ಇನ್ನುಳಿದ ಫ್ಯಾನು, ಪವರ್ ಸಪ್ಲೈ, ಸ್ವಿಚ್ಚುಗಳನ್ನು ಯಂತ್ರ ಓಡುತ್ತಿರುವಾಗಲೇ ಎಳೆದು ಬದಲಿಸಬಹುದು. ಇದಕ್ಕೆ ಹಾಟ್ ಸ್ವ್ಯಾಪ್ ಎನ್ನುತ್ತಾರೆ. ಬ್ಲೇಡನ್ನೂ ಪಕ್ಕದವುಗಳಿಗೆ ತೊಂದರೆ ಕೊಡದೆ ಹೊರಗೆಳೆಯಬಹುದು. ಆದರೆ ಎಳೆಯುವ ಬ್ಲೇಡನ್ನು ಮೊದಲು ಸರಿಯಾಗಿ ಆಫ್ ಮಾಡಿರಬೇಕು.

ಪವರ್ ಸಪ್ಲೈ ಆರು ಯಾಕೆ? ಇಲ್ಲಿ ಗಮನ ಕೊಡಿ, ನನ್ನ ಕಥೆಗೆ ಇದು ಬೇಕಾಗುತ್ತದೆ. ಆರರಲ್ಲಿ ಮೂರನ್ನು 'ಎ' ಲೈನಿಗೆ, ಮೂರನ್ನು 'ಬಿ' ಲೈನಿಗೆ ಸಿಕ್ಕಿಸಬೇಕು. ಎ ಮತ್ತು ಬಿ ಬೇರೆ ಬೇರೆ ಯುಪಿಎಸ್‌ನಿಂದ ಬರಬೇಕು. ಎ ಪೂರ್ತಿ ಹೋದರೂ ಬಿ ಕಡೆಯ ಮೂರು ಸೇರಿ 16 ಬ್ಲೇಡನ್ನೂ ಹೊರಬೇಕು. ಒಂದೊಂದು 2,400 ವಾಟ್ ಎಂದರೆ ಮೂರಕ್ಕೆ 7,200 ವಾಟ್. ಆರೂ ಇದ್ದರೂ ನಾವು ಲೆಕ್ಕ ಹಾಕಬೇಕಾದದ್ದು ಮೂರನ್ನೇ. ಉಳಿದ ಮೂರು ಆಪತ್ಕಾಲಕ್ಕೆ.

ಆ 7,200 ವಾಟ್ ಕರೆಂಟು ಎಲ್ಲಿಗೆ ಹೋಗುತ್ತದೆ? ಹೆಚ್ಚು ಕಡಿಮೆ ಪೂರ್ತಿ ಶಾಖವಾಗಿ ಕೋಣೆಗೇ ಬರುತ್ತದೆ. ಒಂದು ಟನ್ ಎಸಿ ಎಂದರೆ ಸುಮಾರು 3,500 ವಾಟ್ ಶಾಖ ತೆಗೆಯುವ ಶಕ್ತಿ. ಹಾಗಾಗಿ ತುಂಬಿದ ಒಂದು ಚಾಸಿ ಪೂರ್ತಿ ದುಡಿಯುವಾಗ ಎರಡು ಟನ್ನಿಗೂ ಮೀರಿದ ಎಸಿ ಅದೊಂದಕ್ಕೇ ಬೇಕು. ಒಂದು ರ‍್ಯಾಕಿನಲ್ಲಿ ನಾಲ್ಕು ಚಾಸಿ ಇಟ್ಟರೆ ಎಂಟು ಟನ್ ದಾಟುತ್ತದೆ. ಎಷ್ಟೋ ಕಡೆ ರ‍್ಯಾಕಿನಲ್ಲಿ ಜಾಗವಿದ್ದರೂ ಅರ್ಧ ಖಾಲಿ ಬಿಟ್ಟಿರುವುದು ಇದೇ ಕಾರಣಕ್ಕೆ. ಜಾಗ ಉಳಿಸಲು ತಂದ ಯಂತ್ರ, ತಂಪು ಸಾಲದೆ ಜಾಗ ಖಾಲಿ ಬಿಡಿಸಿತು! ತೂಕದ ಮಾತೂ ಇದೆ. ತುಂಬಿದ ಚಾಸಿ ಇನ್ನೂರು ಕಿಲೋ ಆಸುಪಾಸು. ಹಳೆಯ ಕಟ್ಟಡದ ಮೂರನೇ ಮಹಡಿಗೆ ಸಾಗಿಸುವ ಮುಂಚೆ ಲಿಫ್ಟು, ನೆಲ ಎರಡನ್ನೂ ನೋಡಬೇಕು. ಖಾಲಿ ಬಿಟ್ಟ ಗೂಡುಗಳಿಗೆ ಮುಚ್ಚಳ ಹಾಕುವುದನ್ನು ಮರೆಯಬಾರದು. ಇಲ್ಲದಿದ್ದರೆ ಗಾಳಿ ಸುಲಭದ ದಾರಿ ಹಿಡಿದು ಆ ತೂತಿನಲ್ಲೇ ಹೋಗಿಬಿಡುತ್ತದೆ, ಬ್ಲೇಡ್‌ಗಳು ಬೇಯುತ್ತವೆ.

ಇಷ್ಟು ಯಂತ್ರದ ಮೈಕಟ್ಟಿನ ಮಾತಾಯಿತು. ಇನ್ನು ಮೇಲ್ವಿಚಾರಣೆ. ನನ್ನನ್ನು ಕೇಳಿದರೆ ಬ್ಲೇಡಿನ ದೊಡ್ಡ ಗುಣ ಅದರ ಚಿಕ್ಕ ಗಾತ್ರಕ್ಕಿಂತ ಇದರಲ್ಲಿದೆ.

ಪ್ರತಿ ಬ್ಲೇಡಿನಲ್ಲೂ ಬಿಎಂಸಿ ಎಂಬ ಒಂದು ಪುಟ್ಟ ಚಿಪ್ ಇರುತ್ತದೆ. ಮುಂಬಯಿಯವರು ನಗಬೇಡಿ! ನಮ್ಮ ಮಹಾನಗರಪಾಲಿಕೆಗೂ ಇದಕ್ಕೂ ಸಂಬಂಧವಿಲ್ಲ. ಇದರ ಪೂರ್ತಿ ಹೆಸರು ಬೇಸ್‌ಬೋರ್ಡ್ ಮ್ಯಾನೇಜ್‌ಮೆಂಟ್ ಕಂಟ್ರೋಲರ್. ಎಚ್‌ಪಿಯವರು ಇದಕ್ಕೆ ಐಎಲ್‌ಒ ಎಂದು ಹೆಸರಿಟ್ಟರು, ಡೆಲ್‌ನವರು ಐಡ್ರ್ಯಾಕ್ ಎಂದರು. ಬ್ಲೇಡ್ ಆಫ್ ಆಗಿದ್ದರೂ ಇದು ಎಚ್ಚರವಾಗಿಯೇ ಇರುತ್ತದೆ. ಇದರ ಮೂಲಕ ಹೈದರಾಬಾದಿನಲ್ಲಿ ಕೂತವನು ಮುಂಬಯಿಯ ಬ್ಲೇಡನ್ನು ಆನ್ ಮಾಡಬಹುದು, ಅದರ ಪರದೆಯನ್ನು ತನ್ನ ಮುಂದೆ ತೆರೆದುಕೊಳ್ಳಬಹುದು, ತನ್ನ ಹತ್ತಿರದ ಸಿಡಿಯನ್ನು ಅದಕ್ಕೇ ಹಾಕಿದ ಹಾಗೆ ಮಾಡಿ ವಿಂಡೋಸೋ ಲಿನಕ್ಸೋ ಸ್ಥಾಪಿಸಬಹುದು.

ಬ್ಲೇಡ್‌ಗಳ ಮೇಲೆ ಇಡೀ ಚಾಸಿಗೆ ಒಬ್ಬ ಯಜಮಾನ ಇದ್ದಾನೆ. ಮ್ಯಾನೇಜ್‌ಮೆಂಟ್ ಮಾಡ್ಯೂಲ್ ಎನ್ನುತ್ತೇವೆ. ವಠಾರದ ಯಜಮಾನನಂತೆ ಯಾವ ಮನೆಯಲ್ಲಿ ಯಾರಿದ್ದಾರೆ, ಯಾರು ಎಷ್ಟು ನೀರು ಸೇದಿದರು ಎಂಬ ಲೆಕ್ಕ ಇವನ ಹತ್ತಿರ. ಬ್ಲೇಡನ್ನು ಚಾಸಿಗೆ ತಳ್ಳಿದ ಕೂಡಲೇ ಅದು ತಾನಾಗಿ ಓಡಲು ಶುರು ಮಾಡುವುದಿಲ್ಲ. ನನಗೆ ಇಷ್ಟು ವಾಟ್ ಬೇಕು ಎಂದು ಮೊದಲು ಯಜಮಾನನನ್ನು ಕೇಳುತ್ತದೆ. ಇರುವ ಕರೆಂಟಿನ ಲೆಕ್ಕ ನೋಡಿ ಅವನು ಒಪ್ಪಿದ ಮೇಲೆಯೇ ಆನ್ ಆಗುತ್ತದೆ. ಬ್ಲೇಡಿನೊಳಗಿನ ಕಾರ್ಡಿಗೂ ಹಿಂದಿನ ಸ್ವಿಚ್ಚಿಗೂ ಹೊಂದದಿದ್ದರೆ ಅದನ್ನೂ ಹೇಳುತ್ತಾನೆ. ಯಾವ ಕಡೆ ಶಾಖ ಹೆಚ್ಚಿದೆಯೋ ಆ ಕಡೆಯ ಫ್ಯಾನಿನ ವೇಗ ಏರಿಸುತ್ತಾನೆ. ಇವನೂ ಒಬ್ಬನೇ ಇದ್ದರೆ ಸಾಲದು ಎಂದು ಇನ್ನೊಬ್ಬನನ್ನು ಪಕ್ಕದಲ್ಲೇ ಕೂರಿಸಿರುತ್ತಾರೆ. ಒಬ್ಬ ಬಿದ್ದರೆ ಇನ್ನೊಬ್ಬ ಹೊಣೆ ಹೊರುತ್ತಾನೆ.

ಒಂದು ಸಣ್ಣ ಸೌಲಭ್ಯ ನನಗೆ ಬಹಳ ಇಷ್ಟ. ಪ್ರತಿ ಬ್ಲೇಡಿನ ಮುಂದೆ ಒಂದು ನೀಲಿ ದೀಪ. ದೂರದಿಂದಲೇ ಅದನ್ನು ಹೊತ್ತಿಸಬಹುದು. "ಕೆಳಗಿನ ಸಾಲು, ಎಡದಿಂದ ಮೂರನೆಯದು ತೆಗೀರಿ" ಎಂದು ಫೋನಿನಲ್ಲಿ ಹೇಳಿದರೆ ಹಿಂದೆ ನಿಂತವನಿಗೆ ಎಡ ಬಲವಾಗಿ, ಓಡುತ್ತಿರುವ ಬೇರೆಯವರ ಬ್ಲೇಡು ಹೊರಗೆ ಬಂದಿರುತ್ತದೆ. "ನೀಲಿ ದೀಪ ಹೊತ್ತಿದೆ, ಅದನ್ನು ತೆಗೀರಿ" ಎಂದರೆ ತಪ್ಪುವ ಭಯವಿಲ್ಲ.

ಇನ್ನೊಂದು ಜಾಣತನ ಕೇಳಿ. ನೆಟ್‌ವರ್ಕಿನಲ್ಲಿ ಪ್ರತಿ ಕಂಪ್ಯೂಟರಿಗೂ ಕಾರ್ಖಾನೆಯಲ್ಲೇ ಕೊಟ್ಟ ಒಂದು ವಿಳಾಸ ಇರುತ್ತದೆ. ಬ್ಲೇಡ್ ಕೆಟ್ಟು ಬೇರೆ ಹಾಕಿದರೆ ವಿಳಾಸ ಬದಲಾಗಿ, ನೆಟ್‌ವರ್ಕಿನವರು, ಡಿಸ್ಕ್ ಸಂಗ್ರಹದವರು ಎಲ್ಲರೂ ಮತ್ತೆ ತಮ್ಮ ಪಟ್ಟಿ ತಿದ್ದಬೇಕು. ಎಚ್‌ಪಿಯ ವರ್ಚುವಲ್ ಕನೆಕ್ಟ್, ಸಿಸ್ಕೋದ ಸರ್ವೀಸ್ ಪ್ರೊಫೈಲ್ ಇದನ್ನು ತಪ್ಪಿಸಿದವು. ಮನೆ ನಂಬರು ಬಾಗಿಲ ಮೇಲೆ ಇರುತ್ತದೆ, ಬಾಡಿಗೆದಾರ ಬದಲಾದರೂ ಅಂಚೆಯವನು ಅದೇ ಬಾಗಿಲಿಗೆ ಬರುತ್ತಾನಲ್ಲ, ಹಾಗೆ. ಹೊಸ ಬ್ಲೇಡ್ ಹಳೆಯದರ ವಿಳಾಸವನ್ನೇ ಪಡೆದು ಅದರ ಕೆಲಸ ಮುಂದುವರಿಸುತ್ತದೆ.

ಈಗ ನನ್ನ ಕಥೆ.

2009ರ ಮಾತು. ನಮ್ಮ ಡೇಟಾ ಸೆಂಟರಿನ ಹೆಸರು ಬೇಡ. ಒಂದು ಆಸ್ಪತ್ರೆಯ ದಾಖಲೆಗಳೆಲ್ಲ ಇದ್ದ ಬ್ಲೇಡ್ ಚಾಸಿ ನಮ್ಮ ಸುಪರ್ದಿನಲ್ಲಿತ್ತು. ಒಂದು ಮಧ್ಯಾಹ್ನ ಎ ಲೈನಿನ ಯುಪಿಎಸ್ ಕೈಕೊಟ್ಟಿತು. ಬಿ ಲೈನು ಸರಿಯಾಗಿಯೇ ಇತ್ತು, ಹಾಗಾಗಿ ಏನೂ ಆಗಬಾರದಿತ್ತು. ಆದರೆ 16 ಬ್ಲೇಡೂ ಒಟ್ಟಿಗೆ ನಂದಿಹೋದವು. ಹತ್ತು ನಿಮಿಷದಲ್ಲಿ ಕರೆಂಟು ಬಂದರೂ ಡೇಟಾಬೇಸ್ ಸರಿಪಡಿಸಿ ಎಲ್ಲ ಎದ್ದು ನಿಲ್ಲಲು ಎರಡು ಗಂಟೆ ಹಿಡಿಯಿತು. ಅಷ್ಟು ಹೊತ್ತು ಆ ಆಸ್ಪತ್ರೆಯ ಕೌಂಟರ್ ಮುಂದೆ ರೋಗಿಗಳು ಸಾಲಿನಲ್ಲಿ ನಿಂತಿದ್ದರು.

ಹಿಂದೆ ಹೋಗಿ ನೋಡಿದರೆ ಆರು ಪವರ್ ಸಪ್ಲೈಗಳ ವೈರೂ ಎ ಲೈನಿನಲ್ಲೇ ಇದ್ದವು! ಯಾರು ಮಾಡಿದ್ದು? ಹಿಂದಿನ ವಾರ ಆ ರ‍್ಯಾಕ್ ಹಿಂದೆ ಕೆಲಸ ಮಾಡಿದ್ದು ಗುತ್ತಿಗೆಯ ಎಲೆಕ್ಟ್ರಿಷಿಯನ್ ಹುಡುಗ, ನಮ್ಮ ಬಿಜಾಪುರದ ಕಡೆಯವನು. ಎಲ್ಲರ ಬೆರಳೂ ಅವನ ಕಡೆ ತಿರುಗಿತು. ಅವತ್ತೇ ಅವನ ಗೇಟ್ ಪಾಸ್ ತೆಗೆದುಕೊಂಡರು. "ನಾ ಆ ವೈರ್ ಮುಟ್ಟೇ ಇಲ್ಲರೀ ಅಣ್ಣಾರ, ನೀವಾದ್ರೂ ಹೇಳ್ರಿ" ಎಂದು ಅವನು ನನ್ನ ಮುಂದೆ ನಿಂತ. ನೋಡೋಣ ಎಂದೆ. ನಿಜ ಹೇಳುತ್ತೇನೆ, ಅವನೇ ಮಾಡಿರಬೇಕು ಎಂದು ನನಗೂ ಅನ್ನಿಸಿತ್ತು.

ಮ್ಯಾನೇಜ್‌ಮೆಂಟ್ ಮಾಡ್ಯೂಲ್ ನಡೆದದ್ದನ್ನೆಲ್ಲ ತಾರೀಕು, ಗಂಟೆ ಸಮೇತ ಬರೆದಿಡುತ್ತದೆ. ಅದಕ್ಕೆ ಲಾಗ್ ಎನ್ನುತ್ತೇವೆ. ಆ ರಾತ್ರಿ ಲಾಗ್ ತೆಗೆದು ಓದಿದೆ. ಹಿಂದಿನ ವಾರ ಪವರ್ ಸಪ್ಲೈಗೆ ಸಂಬಂಧಿಸಿದ ಒಂದು ಸಾಲೂ ಇಲ್ಲ. ಯಾರೂ ಯಾವ ವೈರನ್ನೂ ತೆಗೆದಿಲ್ಲ. ಇನ್ನೂ ಹಿಂದಕ್ಕೆ ಹೋದೆ. ಮೂರು ತಿಂಗಳ ಹಿಂದಿನ ಒಂದು ರಾತ್ರಿ 2 ಗಂಟೆ 10 ನಿಮಿಷಕ್ಕೆ 4, 5, 6ನೇ ಪವರ್ ಸಪ್ಲೈಗಳಿಗೆ ಕರೆಂಟು ಒಟ್ಟಿಗೆ ಹೋಗಿತ್ತು. 2.14ರಿಂದ 2.19ರೊಳಗೆ ಒಂದೊಂದಾಗಿ ವಾಪಸ್ ಬಂದಿತ್ತು. ಅವತ್ತು ಬಿ ಲೈನಿನ ಯುಪಿಎಸ್ ಬ್ಯಾಟರಿ ಬದಲಿಸುತ್ತಿದ್ದರು. ಬೆಳಗಿನ ಐದೂವರೆ ತನಕ ಬಿ ಲೈನೇ ಇರಲಿಲ್ಲ. ಇಲ್ಲದ ಲೈನಿನಿಂದ 2.19ಕ್ಕೆ ಕರೆಂಟು ಬರುವುದು ಹೇಗೆ? ಯಾರೋ ವೈರು ಕಿತ್ತು ಎ ಲೈನಿಗೆ ಸಿಕ್ಕಿಸಿರಬೇಕು. ಐದೂವರೆಗೆ ಬಿ ಬಂದಾಗ ಲಾಗ್‌ನಲ್ಲಿ ಏನೂ ದಾಖಲಾಗಿಲ್ಲ. ಅಂದರೆ ವೈರು ವಾಪಸ್ ಹೋಗಿಲ್ಲ.

ಆ ರಾತ್ರಿ ಪಾಳಿ ನನ್ನದು.

ಓದುತ್ತಿದ್ದಂತೆ ನೆನಪಾಯಿತು. ಮೂರು ಸಪ್ಲೈ ನಂದಿ ಹಳದಿ ದೀಪ ಕಂಡರೆ ಗ್ರಾಹಕರು ಫೋನ್ ಮಾಡುತ್ತಾರೆ ಎಂದು ನಾನೇ ವೈರು ಬದಲಿಸಿದ್ದೆ. ಬೆಳಿಗ್ಗೆ ಸರಿ ಮಾಡೋಣ ಎಂದುಕೊಂಡಿದ್ದೆ. ಬೆಳಿಗ್ಗೆ ಲೋಕಲ್ ಹಿಡಿಯುವ ಅವಸರದಲ್ಲಿ ಮರೆತೆ. ಮೂರು ತಿಂಗಳು ಪರದೆಯ ಮೇಲೆ ಎಲ್ಲವೂ ಹಸಿರಾಗಿತ್ತು. ಆರು ಸಪ್ಲೈಗೂ ಕರೆಂಟು ಬರುತ್ತಿದೆ ಎಂದಷ್ಟೇ ಮಾಡ್ಯೂಲ್‌ಗೆ ಗೊತ್ತು. ಆ ವೈರಿನ ಇನ್ನೊಂದು ತುದಿ ಯಾವ ಗೋಡೆಗೆ ಹೋಗಿದೆ ಎಂದು ಅದಕ್ಕೆ ಕಾಣುವುದಿಲ್ಲ.

ಲಾಗ್ ಅಳಿಸುವ ಅಧಿಕಾರವೂ ನನ್ನ ಪಾಸ್‌ವರ್ಡಿಗೆ ಇತ್ತು. ಅಳಿಸಿದ್ದರೆ ಆ ಹುಡುಗನ ಹೆಸರಲ್ಲೇ ವಿಷಯ ಮುಗಿದುಹೋಗುತ್ತಿತ್ತು. ಆ ಯೋಚನೆ ಬರಲೇ ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಬಹಳ ಹೊತ್ತು ಕೀಬೋರ್ಡ್ ಮುಂದೆ ಸುಮ್ಮನೆ ಕೂತಿದ್ದೆ. ಕೊನೆಗೆ ಪ್ರಿಂಟ್ ತೆಗೆದು ಬೆಳಿಗ್ಗೆ ಮ್ಯಾನೇಜರ್ ಮೇಜಿನ ಮೇಲೆ ಇಟ್ಟೆ. ಕೆಲಸ ಹೋಗಲಿಲ್ಲ, ಆ ವರ್ಷದ ಬಡ್ತಿ ಹೋಯಿತು. ಹುಡುಗನಿಗೆ ಗೇಟ್ ಪಾಸ್ ವಾಪಸ್ ಸಿಕ್ಕಿತು. ಅವನಿಗೆ ಸಿಕ್ಕಿ ತಪ್ಪು ನನ್ನದಪ್ಪಾ ಎಂದೆ. "ಇರ್ಲಿ ಬಿಡ್ರಿ ಅಣ್ಣಾರ" ಎಂದು ಹೇಳಿ ಚಹಾ ಕುಡಿಸಿದ. ದುಡ್ಡು ಕೊಡಲು ನನ್ನನ್ನು ಬಿಡಲಿಲ್ಲ.

ಕೇಳುಗರೇ, ಇದರಿಂದ ನಾನು ಕಲಿತ ಮೂರು ವಿಷಯ ಹೇಳುತ್ತೇನೆ. ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಬರೆದುಕೊಳ್ಳಿ. ಮೊದಲನೆಯದು, ಹಂಚಿಕೊಂಡದ್ದು ಯಾವುದೇ ಇರಲಿ, ಎರಡು ಇರಬೇಕು, ಮತ್ತು ಆ ಎರಡು ನಿಜಕ್ಕೂ ಬೇರೆ ಬೇರೆ ಎಂದು ವೈರಿನ ತುದಿ ತನಕ ಕಣ್ಣಾರೆ ನೋಡಬೇಕು. ಬಿಡಿ ಸರ್ವರ್ ಕೆಟ್ಟರೆ ಒಂದು ಮನೆಗೆ ಕತ್ತಲು. ಚಾಸಿ ಕೆಟ್ಟರೆ ಇಡೀ ವಠಾರಕ್ಕೆ. ಎರಡನೆಯದು, ಗ್ರಾಹಕರಿಗೆ ಮೊದಲೇ ತಿಳಿಸಿ, ವರ್ಷಕ್ಕೆ ಒಂದೆರಡು ಸಲ ಬೇಕೆಂದೇ ಒಂದು ಲೈನು ಆಫ್ ಮಾಡಿ ಪರೀಕ್ಷಿಸಬೇಕು. ಮೂರನೆಯದು, ಲಾಗ್ ಚಾಸಿಯೊಳಗೆ ಮಾತ್ರ ಇರಬಾರದು. ಅದರ ಒಂದು ಪ್ರತಿ ಆಗಿಂದಾಗ್ಗೆ ಬೇರೆ ಯಂತ್ರಕ್ಕೆ, ಬೇರೆಯವರ ಕೈಗೆ ಹೋಗುತ್ತಿರಬೇಕು. ನನ್ನಂಥವನೊಬ್ಬ ರಾತ್ರಿ ಕೀಬೋರ್ಡ್ ಮುಂದೆ ಕೂತಾಗ ಅವನ ಒಳ್ಳೆಯತನದ ಮೇಲೆ ಇನ್ನೊಬ್ಬನ ಅನ್ನ ನಿಂತಿರಬಾರದು.

ಭದ್ರತೆಯ ಬಗ್ಗೆಯೂ ಒಂದು ಮಾತು. ದೂರದಿಂದ ಎಲ್ಲ ಮಾಡಬಹುದು ಎಂದರೆ ಕಳ್ಳನೂ ಮಾಡಬಹುದು ಎಂದಾಯಿತು. 2017ರಲ್ಲಿ ಎಚ್‌ಪಿಇ ಕಂಪನಿ ತನ್ನ ಐಎಲ್‌ಒ 4ಕ್ಕೆ ಒಂದು ತುರ್ತು ತಿದ್ದುಪಡಿ ಕೊಡಬೇಕಾಯಿತು. ವಿನಂತಿಯ ಒಂದು ಜಾಗದಲ್ಲಿ ಇಂಗ್ಲಿಷಿನ 'ಎ' ಅಕ್ಷರವನ್ನು 29 ಸಲ ತುಂಬಿ ಕಳಿಸಿದರೆ ಪಾಸ್‌ವರ್ಡೇ ಇಲ್ಲದೆ ಒಳಗೆ ಹೋಗಬಹುದಿತ್ತು ಎಂದು ಸಂಶೋಧಕರು ಆಮೇಲೆ ತೋರಿಸಿಕೊಟ್ಟರು. ಆದ್ದರಿಂದ ಮೇಲ್ವಿಚಾರಣೆಯ ನೆಟ್‌ವರ್ಕನ್ನು ಇಂಟರ್‌ನೆಟ್ಟಿಗೆ ತೆರೆದಿಡಬಾರದು. ಕಾರ್ಖಾನೆ ಕೊಟ್ಟ ಪಾಸ್‌ವರ್ಡ್ ಮೊದಲ ದಿನವೇ ಬದಲಿಸಬೇಕು. ಫರ್ಮ್‌ವೇರ್ ತಿದ್ದುಪಡಿ ಬಂದಾಗ ಮುಂದೂಡಬಾರದು.

ಇನ್ನು ಆಡಳಿತ ಮಂಡಳಿಯವರಿಗೆ. ನಿಮ್ಮ ಸಂಸ್ಥೆಗೆ ಬೇಕಾದ್ದು ಎರಡು, ಮೂರು ಸರ್ವರ್ ಆದರೆ ಬ್ಲೇಡಿನ ಗೊಡವೆ ಬೇಡ. ಎರಡು ಜನಕ್ಕೆ ವಠಾರ ಕಟ್ಟಿಸುವವರುಂಟೇ? ಖಾಲಿ ಚಾಸಿಗೇ ದೊಡ್ಡ ಮೊತ್ತ ಹೋಗುತ್ತದೆ. ಅದನ್ನು ಬಹುಪಾಲು ತುಂಬಿದಾಗ ಮಾತ್ರ ಲೆಕ್ಕ ಕೂಡಿಬರುತ್ತದೆ. ಮಾರುವವರನ್ನು ಹೀಗೆ ಕೇಳಿ: ನಮ್ಮಲ್ಲಿ ಎರಡು ಪ್ರತ್ಯೇಕ ಲೈನು ಇದೆಯೇ? ಎಸಿ ಎಷ್ಟು ಟನ್ ಬೇಕು? ಐದು ವರ್ಷದ ಮೇಲೆ ಬರುವ ಹೊಸ ಬ್ಲೇಡ್ ಇದೇ ಚಾಸಿಗೆ ಹಿಡಿಸುತ್ತದೆಯೇ? ಈ ಕೊನೆಯ ಪ್ರಶ್ನೆ ಮುಖ್ಯ. ಒಂದು ಕಂಪನಿಯ ಬ್ಲೇಡ್ ಇನ್ನೊಂದರ ಚಾಸಿಗೆ ಕೂರುವುದಿಲ್ಲ. ಒಮ್ಮೆ ಚಾಸಿ ಕೊಂಡರೆ ಆ ಕಂಪನಿಯ ಜೊತೆಯೇ ವರ್ಷಗಟ್ಟಲೆ ಸಂಸಾರ. ಆ ಕಂಪನಿಯೇ ಕೈ ಬದಲಾದರೂ ನಾವು ಅಲ್ಲೇ ಇರಬೇಕು. ಐಬಿಎಂ ತನ್ನ ಎಕ್ಸ್86 ಸರ್ವರ್ ವ್ಯಾಪಾರವನ್ನು 2014ರಲ್ಲಿ ಲೆನೊವೊಗೆ ಮಾರಿದಾಗ ಬ್ಲೇಡ್‌ಸೆಂಟರ್ ಇಟ್ಟುಕೊಂಡವರಿಗೆ ಇದು ಅನುಭವಕ್ಕೆ ಬಂತು.

ಲ್ಯಾಮಿಂಗ್ಟನ್ ರೋಡ್, ನೆಹರೂ ಪ್ಲೇಸ್, ರಿಚಿ ಸ್ಟ್ರೀಟ್ ಕಡೆ ಹಳೆಯ ಚಾಸಿ ಅಗ್ಗಕ್ಕೆ ಸಿಕ್ಕಿತು ಎಂದು ಮನೆಗೆ ತರಲು ಹೊರಡುವ ವಿದ್ಯಾರ್ಥಿಗಳಿಗೂ ಒಂದು ಎಚ್ಚರಿಕೆ. ಚಾಸಿ ಅಗ್ಗ, ಕರೆಂಟ್ ಬಿಲ್ ಅಗ್ಗವಲ್ಲ. ಅದರ ಸದ್ದಿಗೆ ಪಕ್ಕದ ಮನೆಯವರು ಸೊಸೈಟಿಗೆ ದೂರು ಕೊಡುತ್ತಾರೆ. ಕಲಿಯಲು ಒಂದು ಹಳೆಯ ಬಿಡಿ ಸರ್ವರ್ ಸಾಕು. ಅದರಲ್ಲೂ ಬಿಎಂಸಿ ಇರುತ್ತದೆ. 1998ರಲ್ಲಿ ಬಂದ ಐಪಿಎಂಐ, 2015ರಲ್ಲಿ ಬಂದ ರೆಡ್‌ಫಿಶ್ ಎಂಬ ಎರಡು ಪದ್ಧತಿಗಳನ್ನು ಕಲಿತರೆ ಯಾವ ಕಂಪನಿಯ ಯಂತ್ರವನ್ನಾದರೂ ಮಾತಾಡಿಸಬಹುದು.

ಬ್ಲೇಡಿನ ಕಾಲ ಮುಗಿಯಿತೇ ಎಂದು ಕೆಲವರು ಕೇಳುತ್ತಾರೆ. ಎಷ್ಟೋ ಸಂಸ್ಥೆಗಳು ಸ್ವಂತ ಯಂತ್ರ ಬಿಟ್ಟು ಕ್ಲೌಡ್ ಕಡೆ ಹೋಗಿವೆ. ಕೃತಕ ಬುದ್ಧಿಮತ್ತೆಗೆ ಬೇಕಾದ ದೊಡ್ಡ ಜಿಪಿಯು ಕಾರ್ಡುಗಳಿಗೆ ತೆಳ್ಳನೆಯ ಬ್ಲೇಡಿನಲ್ಲಿ ಜಾಗವೂ ಸಾಲದು, ತಂಪೂ ಸಾಲದು. ಹಾಗಿದ್ದರೂ ಡೆಲ್ 2018ರಲ್ಲಿ ಎಂಎಕ್ಸ್7000, ಸಿಸ್ಕೋ 2021ರಲ್ಲಿ ಎಕ್ಸ್ ಸೀರೀಸ್ ಎಂಬ ಹೊಸ ಚಾಸಿಗಳನ್ನು ತಂದವು. ಹೆಸರು ಬದಲಾದರೂ ಕರೆಂಟು, ಗಾಳಿ, ಮೇಲ್ವಿಚಾರಣೆ ಹಂಚಿಕೊಳ್ಳುವ ಆಲೋಚನೆ ಮುಂದೆಯೂ ಇರುತ್ತದೆ. ಹಂಚಿಕೊಳ್ಳುವ ಕಡೆಯೆಲ್ಲ ಕಾಯುವವರೂ ಬೇಕಾಗುತ್ತಾರೆ.

ನಿಮ್ಮ ಮಗನೋ ಮಗಳೋ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಕೆಂಪು ಕಣ್ಣಿನಿಂದ ಮನೆಗೆ ಬಂದರೆ, ರಾತ್ರಿಯೆಲ್ಲ ಏನು ಮಾಡಿದೆ ಎಂದು ಒಮ್ಮೆ ಕೂರಿಸಿಕೊಂಡು ಕೇಳಿ. ಅರ್ಥವಾಗದಿದ್ದರೂ ಪರವಾಗಿಲ್ಲ, ಕೇಳಿ. ನಮ್ಮಮ್ಮ ಈಗಲೂ ಫೋನಿನಲ್ಲಿ ಕೇಳುತ್ತಾಳೆ, "ಎಲ್ಲಾ ದೀಪ ಹಸಿರಾಗಿದೆಯೇನೋ?" ಹಸಿರಾಗಿದೆಯಮ್ಮಾ ಎನ್ನುತ್ತೇನೆ. ಫೋನ್ ಇಟ್ಟ ಮೇಲೆ ಎದ್ದು ಹೋಗಿ ರ‍್ಯಾಕಿನ ಹಿಂದೆ ವೈರುಗಳನ್ನು ಇನ್ನೊಮ್ಮೆ ನೋಡಿ ಬರುತ್ತೇನೆ.